ಹಗೇವು ತೆರೆದ ವರ್ಷ

ಹಣವನ್ನು ಎಲ್ಲಿಡುವುದು ಕ್ಷೇಮ ಎಂದು ನನ್ನನ್ನು ಕೇಳುವವರು ಈಗಲೂ ಇದ್ದಾರೆ. ಮಹಿಳೆಯರ ಉಳಿತಾಯ ಸಂಘಗಳ ಕೆಲಸದಲ್ಲಿ ನನ್ನ ಆಯುಷ್ಯದ ಬಹುಭಾಗ ಕಳೆದಿರುವುದರಿಂದ ಈ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರವಿರಬೇಕೆಂದು ಅವರು ಭಾವಿಸುವುದು ಸಹಜ. ಒಂದು ಕಾಲಕ್ಕೆ ಇತ್ತು ಕೂಡ. ವೇದಿಕೆಯ ಮೇಲೆ ನಿಂತು, ಸಹಕಾರ ಸಂಘದ ಪರವಾಗಿ, ಅಂಚೆ ಕಚೇರಿಯ ಪರವಾಗಿ, ಚಿನ್ನದ ಮೋಹಕ್ಕೆ ವಿರುದ್ಧವಾಗಿ, ಕಾಲೇಜಿನ ಚರ್ಚಾಕೂಟದಲ್ಲಿ ಕಲಿತ ಕ್ರಮದಲ್ಲೇ ವಾದಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದೆ. ಈಗ ದಣಿದಿದ್ದೇನೆ. ಬೆಲೆ ಏರಿದಾಗಲೊಮ್ಮೆ, ಎಲ್ಲೋ ಒಂದು ಬ್ಯಾಂಕು ಬಾಗಿಲು ಹಾಕಿದಾಗಲೊಮ್ಮೆ, ಹೊಸ ಮುಖಗಳು ಬಂದು ಅದೇ ಹಳೆಯ ಹೆದರಿಕೆಯಿಂದ ಅದೇ ಪ್ರಶ್ನೆಯನ್ನು ಕೇಳುತ್ತವೆ. ಅವರಿಗೆ ಕೊಡಲು ನನ್ನ ಬಳಿ ಉಳಿದಿರುವುದು ನಾನು ಬೆಳೆದ ಮನೆಯ ಸಂಗತಿಯೊಂದೇ. ಉಳಿಸುವುದು ಹೇಗೆ ಎಂಬ ವಿಷಯದಲ್ಲಿ ಆ ಮನೆಯ ಮೂವರು ಹಿರಿಯರಿಗೆ ಮೂರು ಅಭಿಪ್ರಾಯಗಳಿದ್ದವು. ನಾನು ಕಾಲೇಜಿನ ಮೆಟ್ಟಿಲು ಹತ್ತುವುದೋ ಬಿಡುವುದೋ ಎಂಬುದು ಆ ಮೂವರ ನಡುವೆ ತೀರ್ಮಾನವಾಗಬೇಕಿತ್ತು.

ಮನೆ ಮತ್ತಿಕೆರೆಯಲ್ಲಿತ್ತು. ಆಗ ಅದಿನ್ನೂ ಹಳ್ಳಿ. ಯಶವಂತಪುರದ ರೈಲಿನ ಕೂಗು ಹೊಲಗಳನ್ನು ದಾಟಿ ನೇರವಾಗಿ ನಮ್ಮ ಜಗಲಿಗೆ ಬರುತ್ತಿತ್ತು. ನಾಡಹೆಂಚಿನ ಮಾಡು, ಮಣ್ಣಿನ ಗೋಡೆ, ನಡುಮನೆಯ ಒಂದು ಪಕ್ಕಕ್ಕೆ ದನ ಕಟ್ಟುವ ಜಾಗ, ಇನ್ನೊಂದು ಪಕ್ಕಕ್ಕೆ ಹೊಗೆಯಿಂದ ಕಪ್ಪಾದ ಅಡುಗೆಮನೆ. ಆದರೆ ಆ ಮನೆಯ ಮುಖ್ಯವಾದ ಕೋಣೆ ಅಂಗಳದ ಕೆಳಗಿತ್ತು. ಅದೇ ಹಗೇವು: ಗಟ್ಟಿ ಕೆಮ್ಮಣ್ಣಿನಲ್ಲಿ ತೋಡಿ, ಒಳಗೋಡೆಗೆ ಹುಲ್ಲು ಹೊದಿಸಿ, ರಾಗಿ ತುಂಬಿಡುವ ನೆಲಗುಂಡಿ. ಆಕಾರದಲ್ಲಿ ಗುಡಾಣದಂತೆ, ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಬಾಯಿಗೆ ಚಪ್ಪಡಿ ಕಲ್ಲು, ಕಲ್ಲಿನ ಮೇಲೆ ಮಣ್ಣು, ಮಣ್ಣಿನ ಮೇಲೆ ಬೆಳಗಾದರೆ ಅಜ್ಜಿ ಸಾರಿಸಿ ಇಡುವ ರಂಗೋಲಿ. ಗಾಳಿಯಾಡದ ಆ ಕತ್ತಲೆಯಲ್ಲಿ ರಾಗಿ ವರ್ಷಗಟ್ಟಲೆ ಹುಳು ಹಿಡಿಯದೆ ಇರುತ್ತದೆ. ಅದಕ್ಕೊಂದು ಕಟ್ಟುಪಾಡು: ಒಮ್ಮೆ ಬಾಯಿ ತೆರೆದರೆ ಪೂರ್ತಿ ತೆಗೆಯಲೇಬೇಕು, ಗಾಳಿ ಹೊಕ್ಕ ಮೇಲೆ ಉಳಿದದ್ದು ಕೆಡುತ್ತದೆ. ನಮ್ಮ ಊರಿನವರು ಇನ್ನೊಂದು ಕಟ್ಟುಪಾಡನ್ನೂ ಸೇರಿಸಿದ್ದರು. ಹಗೇವು ತೆರೆದ ದಿನ ಮೊರ ಹಿಡಿದು ಅದರ ಬಾಯಿಗೆ ಬಂದ ಯಾರನ್ನೂ ಬರಿಗೈಯಲ್ಲಿ ಕಳಿಸುವಂತಿಲ್ಲ. ಒಯ್ದವರು ಸುಗ್ಗಿಯಲ್ಲಿ ಅಷ್ಟನ್ನೂ, ಮೇಲೊಂದು ಬೊಗಸೆಯನ್ನೂ ತಂದು ಸುರಿಯುತ್ತಿದ್ದರು. ಯಾರೂ ಬರೆದಿಡುತ್ತಿರಲಿಲ್ಲ, ಯಾರೂ ಮರೆಯುತ್ತಿರಲಿಲ್ಲ.

ನಾನು ಇನ್ನೂ ಚಿಕ್ಕವಳಿದ್ದಾಗ ನಮ್ಮ ಊರಿನ ಹೊಲಗಳನ್ನು ಬಡಾವಣೆಗೂ ಕಾರ್ಖಾನೆಗಳಿಗೂ ಸರ್ಕಾರ ವಹಿಸಿಕೊಂಡಿತು. ಆ ವರ್ಷದ ರಾಗಿಯನ್ನು ಅಜ್ಜಿ ಒಂದು ಕಾಳೂ ಮಾರಗೊಡದೆ ಹಗೇವಿಗೆ ತುಂಬಿಸಿ ಬಾಯಿ ಮುಚ್ಚಿಸಿದಳು. ಅದು ನಮ್ಮ ಹೊಲದ ಕೊನೆಯ ರಾಗಿ. ಹೊಲಕ್ಕೆ ಬಂದ ಪರಿಹಾರದ ಹಣ ಅಪ್ಪನ ಕೈಗೆ ಬಂತು. ಅಪ್ಪ ಯಶವಂತಪುರದ ಆಚೆ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಪತ್ರಿಕೆ ಓದುವವನು, ದೇಶ ಕಟ್ಟಬೇಕು ಎಂಬ ಮಾತನ್ನು ಮನಸಾರೆ ನಂಬಿದವನು. ಹಣವನ್ನು ಯಶವಂತಪುರದ ಒಂದು ಖಾಸಗಿ ಬ್ಯಾಂಕಿನಲ್ಲಿ ಠೇವಣಿ ಇಟ್ಟ. ಅಂಚೆ ಕಚೇರಿಗಿಂತ ಅಲ್ಲಿ ಬಡ್ಡಿ ಹೆಚ್ಚು, ಮೇಲಾಗಿ ಅಲ್ಲಿನ ಮ್ಯಾನೇಜರು ಇವನನ್ನು ಕೂರಿಸಿ ಕಾಫಿ ತರಿಸಿದ್ದರಂತೆ. ಆ ಹಣ ಮಗಳ ಕಾಲೇಜಿಗೆ ಎಂದು ಅಪ್ಪ ಮನೆಯವರೆಲ್ಲರ ಮುಂದೆ ಹೇಳಿದ್ದ. ಊರಿನಲ್ಲಿ ಹೆಣ್ಣುಮಗುವಿನ ಬಗ್ಗೆ ಅಂಥ ಮಾತು ಆಡಿದವರು ಬೇರೆ ಯಾರೂ ಇರಲಿಲ್ಲ.

ನನ್ನ ಮೊದಲ ಚರ್ಚಾಕೂಟ ನಡೆದದ್ದು ನಮ್ಮ ಅಡುಗೆಮನೆಯಲ್ಲಿ, ಸಂಜೆಯ ಊಟದ ಹೊತ್ತಿಗೆ. ಅಜ್ಜಿ ಒಲೆಯ ಪಕ್ಕದಲ್ಲಿ ಗೋಡೆಗೆ ಒರಗಿ, ಕಾಲು ನೀಡಿ ಕೂರುತ್ತಿದ್ದಳು. ಅಪ್ಪ ಕಂಚಿನ ತಟ್ಟೆಯ ಮುಂದೆ. ಅಮ್ಮ ಇಬ್ಬರ ನಡುವೆ, ಕೈಯಲ್ಲಿ ಮುದ್ದೆ ತಿರುವುವ ಕೋಲು.

“ಒಲ ಕೊಟ್ಟು ಕಾಗದ ತಂದಿದ್ದೀಯ. ಇದನ್ನ ಉಪ್ಪು ಅಚ್ಕೊಂಡು ನೆಕ್ಕೋದಾ?” ಎಂದು ಅಜ್ಜಿ ಆರಂಭಿಸುತ್ತಿದ್ದಳು.

“ಅವ್ವಾ, ನಿನ್ ಹಗೇವಲ್ಲಿರೋ ರಾಗಿ ಎಷ್ಟ್ ವರ್ಷ ಆದ್ರೂ ಅಷ್ಟೇ ಇರ್ತದೆ. ಬ್ಯಾಂಕಲ್ಲಿರೋ ದುಡ್ಡು ಮರಿ ಹಾಕ್ತದೆ.”

“ಮರಿ ಆಕೋದೆಲ್ಲ ಒಂದಿನ ಸಾಯ್ತದೆ ಕಣಪ್ಪಾ. ನನ್ ರಾಗಿ ಮರೀನೂ ಆಕಲ್ಲ, ಸಾಯೋದೂ ಇಲ್ಲ.”

“ಎಲ್ರೂ ನಿನ್ ತರ ಹೂತಿಟ್ರೆ ಕಾರ್ಖಾನೆ ಕಟ್ಟೋದು ಹೆಂಗೆ?”

“ಎಲ್ರೂ ನಿನ್ ತರ ಕಾರ್ಖಾನೆ ಕಟ್ಟಕ್ಕೋದ್ರೆ ಮುದ್ದೆ ಕಟ್ಟೋದು ಎಂಗೆ?”

ಇಬ್ಬರೂ ಸೋಲುತ್ತಿರಲಿಲ್ಲ. ನಾನು ಅಪ್ಪನ ವಾದಗಳನ್ನು ಶಾಲೆಯ ಭಾಷಣ ಸ್ಪರ್ಧೆಗೆ ಒಯ್ದು ಬಹುಮಾನ ತರುತ್ತಿದ್ದೆ. ಅಜ್ಜಿಯ ವಾದಗಳಿಗೆ ಉತ್ತರ ಹುಡುಕುತ್ತಾ ನಿದ್ದೆ ಹೋಗುತ್ತಿದ್ದೆ. ಅಮ್ಮ ಯಾವ ಪಕ್ಷಕ್ಕೂ ಸೇರಿದವಳಲ್ಲ. ಆ ವಿಷಯದಲ್ಲಿ ಅವಳು ಒಂದೇ ಒಂದು ಮಾತನ್ನು, ಅದೂ ಅಪ್ಪ ತಟ್ಟೆಯಲ್ಲಿ ಕೈ ತೊಳೆಯುವಾಗ, ಹೇಳುತ್ತಿದ್ದಳು.

“ಪೋಸ್ಟಾಫೀಸಲ್ಲಿ ನನ್ ಹೆಸರಲ್ಲೂ ಒಂದಿಷ್ಟು ಇಡಿ ಅಂದಿದ್ದೆ.”

“ನಿನ್ ಹೆಸರೇನು, ನನ್ ಹೆಸರೇನು? ಒಂದೇ ಮನೆ ಅಲ್ವಾ?” ಎಂದು ಅಪ್ಪ ನಗುತ್ತಿದ್ದ. ಅದು ಕೆಡುಕಿನ ನಗುವಾಗಿರಲಿಲ್ಲ. ಅವನಿಗೆ ಆ ಬೇಡಿಕೆಯೇ ಅರ್ಥವಾಗುತ್ತಿರಲಿಲ್ಲ. ಹಗೇವಿನ ಬಾಯಿ ತೆರೆಯುವ ಅಧಿಕಾರ ಅಜ್ಜಿಯದು, ಬ್ಯಾಂಕಿನಲ್ಲಿ ರುಜು ಹಾಕುವ ಅಧಿಕಾರ ಅಪ್ಪನದು. ಎರಡರ ನಡುವೆ ಮನೆ ನಡೆಸುವವಳಿಗೆ ತೆರೆಯಲು ಒಲೆಯ ಬೂದಿಯ ಹೊರತು ಬೇರೇನೂ ಇರಲಿಲ್ಲ.

ಬ್ಯಾಂಕು ಮುಚ್ಚಿದ ದಿನ ನಾನು ಅಪ್ಪನ ಸೈಕಲ್ಲಿನ ಮೇಲೆ ಶಾಲೆಗೆ ಹೋಗುತ್ತಿದ್ದೆ. ದಾರಿಯಲ್ಲಿ ಬ್ಯಾಂಕಿನ ಮುಂದೆ ಜನ ಸೇರಿದ್ದರು. ನಾನು ಮುಂದೆ ಓದಿದ ಕಥೆಗಳಲ್ಲಿರುವ ಹಾಗಲ್ಲ; ಯಾರೂ ಕೂಗುತ್ತಿರಲಿಲ್ಲ, ಕಲ್ಲು ಎಸೆಯುತ್ತಿರಲಿಲ್ಲ. ಎಳೆದಿದ್ದ ಬಾಗಿಲನ್ನೂ ಅದಕ್ಕೆ ಅಂಟಿಸಿದ್ದ ನೋಟೀಸನ್ನೂ ನೋಡುತ್ತಾ ಸುಮ್ಮನೆ ನಿಂತಿದ್ದರು. ಹೂ ಮಾರುವ ಮುದುಕಿಯೊಬ್ಬಳು ಬುಟ್ಟಿಯನ್ನು ಇಳಿಸಿ, “ಎಷ್ಟೊತ್ಗೆ ತೆಗೀತಾರಪ್ಪಾ?” ಎಂದು ಅಪ್ಪನನ್ನು ಕೇಳಿದಳು. ಅಪ್ಪ ನೋಟೀಸನ್ನು ಪೂರ್ತಿ ಓದಿದ. ಮತ್ತೆ ಮೊದಲಿನಿಂದ ಓದಿದ. ನನ್ನನ್ನು ಶಾಲೆಗೆ ಬಿಟ್ಟು, ಪಾಳಿಗೆ ಹೋಗಿ, ಸಂಜೆ ಸೈಕಲ್ಲನ್ನು ತಳ್ಳಿಕೊಂಡು ಮನೆಗೆ ಬಂದ. ಅಜ್ಜಿಗೆ ಆಗಲೇ ಸುದ್ದಿ ತಿಳಿದಿತ್ತು. ಅವಳು ಏನಾದರೂ ಚುಚ್ಚುತ್ತಾಳೆಂದು ನಾನು ಕಾದೆ. ಅವಳು ಎದ್ದು ತಾನೇ ಅವನ ತಟ್ಟೆಗೆ ಮುದ್ದೆ ಹಾಕಿ, ಸಾರು ಬಿಟ್ಟು, “ಆರೋಗ್ತದೆ, ಉಣ್ಣು” ಎಂದಳು. ಅಂದಿನಿಂದ ನಮ್ಮ ಅಡುಗೆಮನೆಯ ಚರ್ಚೆ ನಿಂತುಹೋಯಿತು. ಗೆದ್ದವರ ಪಾಲಿಗೆ ಇಷ್ಟು ರುಚಿಯಿಲ್ಲದ ಗೆಲುವನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಮುಳುಗಿದ ಬ್ಯಾಂಕಿನ ಲೆಕ್ಕ ತೀರಿಸಲು ಅಧಿಕಾರಿಯೊಬ್ಬರನ್ನು ನೇಮಿಸಿದ್ದಾರೆ, ಇಂದಲ್ಲ ನಾಳೆ ಹಣ ಬರುತ್ತದೆ ಎಂದು ಅಪ್ಪ ಹೇಳುತ್ತಿದ್ದ. ಬಂದಾಗ ಅಷ್ಟಿಷ್ಟು ಬಂತು. ಬಂದದ್ದು ಮನೆಯ ಹೆಂಚಿಗೆ, ಅಜ್ಜಿಯ ಕಣ್ಣಿಗೆ, ದನದ ಹುಲ್ಲಿಗೆ ಹೋಯಿತು. ಈ ನಡುವೆ ಕಾಲ ಕೆಟ್ಟಿತು. ಅಂಗಡಿಗಳಲ್ಲಿ ರಾಗಿ ಕಾಣದಾಯಿತು. ರೇಷನ್ ಅಂಗಡಿಯಲ್ಲಿ ಹಡಗಿನಿಂದ ಬಂದ ಗೋಧಿಗೆ ಸಾಲು. ಅಮ್ಮ ಗೋಧಿಹಿಟ್ಟಿನಲ್ಲಿ ಮುದ್ದೆ ತಿರುವಿ ನೋಡಿದಳು. ಅದು ಗಂಟಲಿಗೆ ಅಂಟಿಕೊಂಡಿತು. ಹೊಲವಿದ್ದ ಕಡೆ ಚೌಕಾಕಾರದ ಸೈಟುಗಳು, ಸೈಟುಗಳಲ್ಲಿ ಒಂಟಿ ಕೋಣೆಗಳು, ಕೋಣೆಗಳಲ್ಲಿ ಎಲ್ಲೆಲ್ಲಿಂದಲೋ ಬಂದ ಬಾಡಿಗೆಯವರು. ಇಂಥ ಹೊತ್ತಿನಲ್ಲಿ ನಾನು ಎಸ್ಸೆಸ್ಸೆಲ್ಸಿ ಪಾಸಾದೆ. ಕಾಲೇಜಿನ ಮಾತೆತ್ತಿದರೆ ಅಪ್ಪ, “ಬ್ಯಾಂಕಿನ ದುಡ್ಡು ಪೂರ್ತಿ ಬರ್ಲಿ” ಎನ್ನುತ್ತಾ ಎದ್ದು ಹೊರಗೆ ಹೋಗುತ್ತಿದ್ದ. ಅವನಿಗೆ ನನ್ನನ್ನು ತಡೆಯುವ ಇಚ್ಛೆಯಿರಲಿಲ್ಲ. ಕೊಟ್ಟ ಮಾತನ್ನು ಬೇರೆ ಯಾರ ದುಡಿಮೆಯಿಂದಲೂ ನಡೆಸಲು ಅವನ ಮನಸ್ಸು ಒಪ್ಪುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಮ್ಮನೂ ಅಜ್ಜಿಯೂ ಎದುರುಬದುರು ಕೂತು ಗೋಧಿಯಲ್ಲಿನ ಕಲ್ಲು ಆರಿಸುತ್ತಿದ್ದರು. ಅಮ್ಮ ಮೊರದಿಂದ ಕಣ್ಣೆತ್ತದೆ ಹೇಳಿದಳು:

“ಅತ್ತೆ, ಹಗೇವು ತೆಗೆಯೋಣ.”

“ಯಾಕೆ, ಇವತ್ತು ಒಲೆ ಅಚ್ಚಿಲ್ವಾ?”

“ಹಚ್ಚಿದ್ದೀನಿ. ಮಗೂನ ಕಾಲೇಜಿಗೆ ಸೇರಿಸ್ಬೇಕು.”

“ಅದು ಅಸಿವಿಗೆ ಅಂತ ಇಟ್ಟಿರೋದು.”

“ಹಸಿವು ಹೊಟ್ಟೆಗೊಂದೇ ಆಗೋದಾ ಅತ್ತೆ? ನಂಗೂ ಓದ್ಬೇಕು ಅಂತಿತ್ತು. ನಮ್ಮನೇಲೂ ಹಗೇವಿತ್ತು. ಯಾರ್ ತೆಗೆದ್ರು?”

ಅಮ್ಮನಿಗೆ ಓದುವ ಆಸೆಯಿತ್ತೆಂದು ನಾನು ಕೇಳಿದ್ದು ಅದೇ ಮೊದಲು. ಅಜ್ಜಿ ಮೊರದಲ್ಲಿದ್ದ ಗೋಧಿಯನ್ನು ಕೇರತೊಡಗಿದಳು. ಕೆಲವು ದಿನ ಕಳೆದ ಮೇಲೆ, ಯಾರೂ ಕೇಳದಿದ್ದಾಗ, ಪಿಳ್ಳಣ್ಣನನ್ನು ಕರೆದು ತಾ ಎಂದು ನನಗೆ ಹೇಳಿದಳು. ಪಿಳ್ಳಣ್ಣ ಊರಿನ ಹಗೇವುಗಳಿಗೆ ಇಳಿಯುತ್ತಿದ್ದವನು. ಅಪ್ಪನಿಗೆ ದಿಗಿಲಾಯಿತು.

“ಅವ್ವಾ, ಈಗ ತೆಗೆದ್ರೆ ಸುತ್ತಮುತ್ತಲೋರೆಲ್ಲ ಮೊರ ಹಿಡ್ಕೊಂಡು ಬರ್ತಾರೆ. ಯಾರಿಗೂ ಗೊತ್ತಾಗ್ದಂಗೆ ತೆಗೀಬೇಕು.”

“ಕಳ್ಳರ ತರ ತೆಗೆಯಾಕೆ ಅದೇನ್ ಬೇರೆಯೋರ ಮನೇದಾ? ಊರ್ ಮುಂದೆ ತುಂಬಿದ್ದು, ಊರ್ ಮುಂದೇನೆ ತೆಗೆಯೋದು.”

“ಊರೆಲ್ಲಿದೆ ಅವ್ವಾ ಈಗ?”

ಅಷ್ಟರಲ್ಲಿ ಅಜ್ಜಿ ಮನಸ್ಸಿನಲ್ಲೇ ಪೂಜೆಯ ಸಾಮಾನು ಜೋಡಿಸುತ್ತಿದ್ದಿರಬೇಕು.

ಚಪ್ಪಡಿ ಸರಿಸಿದ ದಿನ ಪಿಳ್ಳಣ್ಣ ಹಗ್ಗ ಕಟ್ಟಿದ ದೀಪವನ್ನು ಒಳಕ್ಕೆ ಇಳಿಸಿದ. ಅದು ಹಗೇವಿನ ಕುತ್ತಿಗೆಯವರೆಗೂ ಹೋಗದೆ ನಂದಿತು. ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಯಾರೂ ಇಳಿಯುವಂತಿಲ್ಲ; ಇಳಿದವರು ಸತ್ತ ಉದಾಹರಣೆಗಳಿವೆ. ಹಗೇವು ಮರುದಿನದವರೆಗೆ ಬಾಯಿ ತೆರೆದುಕೊಂಡೇ ಇತ್ತು. ಹಳೆಯ ರಾಗಿಯ ಆ ಮುಗ್ಗಲು ವಾಸನೆ ಬೀದಿಯನ್ನು ಹಿಡಿದು ಸೈಟುಗಳ ಕಡೆಗೆ ನಡೆಯಿತು. ಬೆಳಗ್ಗೆ ದೀಪ ತಳದವರೆಗೂ ಉರಿದು, ಪಿಳ್ಳಣ್ಣ ಇಳಿದು, ಮೊದಲ ಮಂಕರಿ ಬುಟ್ಟಿ ಮೇಲೆ ಬರುವಷ್ಟರಲ್ಲಿ ಅಂಗಳದ ತುಂಬ ಜನ. ಮುಂದೆ ನಮ್ಮ ಊರಿನ ಹಳಬರು, ಅವರ ಹಿಂದೆ ಬಾಡಿಗೆಯವರು. ಮೊರವಿಲ್ಲದವರು ಪಾತ್ರೆ ಹಿಡಿದಿದ್ದರು, ಕೆಲವರು ಸೆರಗು ಒಡ್ಡಿದ್ದರು. ರಾಗಿ ಸ್ವಲ್ಪ ಕಂದಿದ್ದರೂ ಚೆನ್ನಾಗಿಯೇ ಇತ್ತು. ಅಜ್ಜಿ ಬಾಯಿಯ ಪಕ್ಕ ಮಣೆ ಹಾಕಿ ಕೂತು, ಬಂದವರ ಮೊರಕ್ಕೆ ಕೊಳಗದಿಂದ ಅಳೆದು ಸುರಿಯತೊಡಗಿದಳು.

“ಸುಗ್ಗೀಲಿ ತಂದಾಕಿ” ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದಳು.

ಹಳಬರು ತಲೆಯಾಡಿಸಿದರು, ಅವರ ಹೊಲಗಳೂ ಹೋಗಿದ್ದವು. ಹೊಸಬರೂ ತಲೆಯಾಡಿಸಿದರು, ಅವರಲ್ಲಿ ಅರ್ಧ ಜನಕ್ಕೆ ಸುಗ್ಗಿ ಎಂದರೇನೆಂದು ಕೇಳಬೇಕಾಗಿತ್ತು. ಸುಗ್ಗಿಯೇ ಇಲ್ಲದ ಊರಿನಲ್ಲಿ ಸುಗ್ಗಿಗೆ ಗಡುವಿಟ್ಟು ಅಜ್ಜಿ ತನ್ನ ಉಳಿತಾಯವನ್ನೆಲ್ಲ ಸಾಲ ಕೊಡುತ್ತಿದ್ದಳು. ಇತ್ತ ಮಂಕರಿಗಳು ಬರುತ್ತಿದ್ದವು, ಅತ್ತ ರಾಗಿಯ ಗುಡ್ಡೆ ಬೆಳೆಯುತ್ತಲೇ ಇರಲಿಲ್ಲ. ನಾನು ಜಗಲಿಯ ಕಂಬಕ್ಕೆ ಒರಗಿ, ನನ್ನ ಕಾಲೇಜು ಮೊರದಿಂದ ಮೊರಕ್ಕೆ ಹಂಚಿಹೋಗುವುದನ್ನು ನೋಡುತ್ತಿದ್ದೆ. ಸ್ಪರ್ಧೆಗಳಲ್ಲಿ ಅಷ್ಟೊಂದು ಮಾತನಾಡುತ್ತಿದ್ದ ನನಗೆ ಹೇಳಲು ಒಂದೂ ವಾಕ್ಯ ಹೊಳೆಯಲಿಲ್ಲ. ಯಾರ ವಿರುದ್ಧ ವಾದಿಸುವುದು? ಸೆರಗೊಡ್ಡಿದ್ದ ಹೆಂಗಸರ ಕಂಕುಳಲ್ಲಿ ಮಕ್ಕಳಿದ್ದವು.

ಅಮ್ಮ ಅಜ್ಜಿಯ ಹತ್ತಿರ ಹೋಗಿ ಬಗ್ಗಿ, “ಸಾಕು ಮಾಡಿ ಅತ್ತೆ” ಎಂದಳು.

“ಬಂದೋರ್ನ ಬರಿಗೈಲಿ ಕಳಿಸಿದ್ರೆ ಅಗೇವು ಇನ್ನೊಂದ್ಸಲ ತುಂಬಲ್ಲ.”

ಅಮ್ಮ ನೆಟ್ಟಗಾದಳು. ಆಮೇಲೆ ಒಳಗೆ ಹೋಗಿ, ಅಡುಗೆಮನೆಯ ಗೋಡೆಯಲ್ಲಿ ತೂಗುಹಾಕಿದ್ದ ದೊಡ್ಡ ಮೊರವನ್ನು ತಂದು, ಬಾಡಿಗೆಯವರ ಸಾಲಿನ ಕೊನೆಯಲ್ಲಿ ಹೋಗಿ ನಿಂತಳು. ಮನೆಯ ಸೊಸೆ ತನ್ನ ಅಂಗಳದಲ್ಲೇ ಬೇಡುವವರ ಸಾಲಿನಲ್ಲಿ. ಜನ ಮೊದಲು ತಮಾಷೆ ಎಂದುಕೊಂಡರು. ಹಳಬರಲ್ಲೊಬ್ಬಳು, “ಏನಮ್ಮಾ, ಅತ್ತೆ ಬೇರೆ ಹಾಕಿದ್ರಾ?” ಎಂದು ಕೆಣಕಿದಳು. ಅಮ್ಮ ನಗಲಿಲ್ಲ. ಸಾಲು ಮುಂದೆ ಸರಿದು ಅವಳ ಸರದಿ ಬಂದಾಗ ಅಜ್ಜಿ ತಲೆಯೆತ್ತಿದಳು.

“ನೀನ್ಯಾಕೆ ನಿಂತಿದ್ದೀಯ?”

“ಬಂದೋರಿಗೆಲ್ಲ ಕೊಡ್ಬೇಕು ಅಂದ್ರಲ್ಲ. ನಾನೂ ಬಂದಿದ್ದೀನಿ.”

“ಮನೇವಳಿಗೆ ಸಾಲ ಯಾತಕ್ಕೆ?”

“ಮನೇವಳಿಗೆ ಇದ್ರಲ್ಲಿ ಯಾವ್ದು ಅಂತ ನೀವೇ ತೋರ್ಸಿ. ಸಾಲ ಬೇಡ, ಅದನ್ನೇ ತಗೋತೀನಿ.”

ಹಗೇವಿನೊಳಗಿಂದ ಪಿಳ್ಳಣ್ಣ ಹಗ್ಗ ಯಾಕೆ ಎಳೆಯುತ್ತಿಲ್ಲವೆಂದು ಕೂಗಿ ಕೇಳಿದ. ಅಜ್ಜಿ ಕೊಳಗವನ್ನು ತುಂಬಿ, ಅಮ್ಮನ ಮೊರಕ್ಕೆ ಸುರಿದಳು.

“ಸುಗ್ಗೀಲಿ ತಂದಾಕ್ತೀಯಾ?”

“ನನ್ ಮಗಳು ತಂದಾಕ್ತಾಳೆ.”

ಅಮ್ಮ ಒಳಗೆ ಹೋಗಿ ಮೊರವನ್ನು ಗೋಣಿಚೀಲಕ್ಕೆ ಸುರಿದು ಮತ್ತೆ ಬಂದು ಸಾಲಿನ ಕೊನೆಯಲ್ಲಿ ನಿಂತಳು. ಮತ್ತೆ ಸರದಿ ಬಂತು, ಮತ್ತೆ ಅಜ್ಜಿ ಅಳೆದಳು, ಈ ಸಲ ಏನೂ ಕೇಳದೆ. ಅಮ್ಮ ನನಗೆ ಕಣ್ಸನ್ನೆ ಮಾಡಿದಳು. ನಾನೂ ಒಂದು ಮೊರ ಹಿಡಿದು ಅವಳ ಹಿಂದೆ ನಿಂತೆ. ಬೇಡುವುದರ ನಾಚಿಕೆ ಮೊದಲ ಸರದಿಯಲ್ಲಿ ಮೈಯನ್ನೆಲ್ಲ ಸುಟ್ಟಿತು. ಆಮೇಲೆ ಕಾಲು ನೋವು ಮಾತ್ರ ಉಳಿಯಿತು. ಸಂಜೆಯ ಹೊತ್ತಿಗೆ ಅಪ್ಪ ಪಾಳಿ ಮುಗಿಸಿ ಬಂದ. ಸೈಕಲ್ಲನ್ನು ಹಿಡಿದು ಬೇಲಿಯ ಬಳಿಯೇ ಬಹಳ ಹೊತ್ತು ನಿಂತಿದ್ದ. ಅವನು ರೇಗಿದ್ದರೆ ಆ ದಿನ ಅಲ್ಲಿಗೇ ಮುಗಿಯುತ್ತಿತ್ತು. ಅವನು ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಬಂದು, ಅಮ್ಮ ಸುರಿಯಲು ಅನುವಾಗುವಂತೆ ಗೋಣಿಚೀಲದ ಬಾಯಿಯನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದುಕೊಂಡ. ಕತ್ತಲಾಗುವವರೆಗೆ ಹಾಗೆಯೇ ಹಿಡಿದಿದ್ದ.

ಹೀಗೆ ಹಗೇವಿನ ಒಂದು ಪಾಲು ನಮ್ಮ ಮನೆಗೇ ಸಾಲವಾಗಿ ಬಂತು. ಯಶವಂತಪುರದ ಮಂಡಿಯಲ್ಲಿ ಮಾರಿ ಬಂದ ಹಣದಲ್ಲಿ ನನ್ನ ಮೊದಲ ವರ್ಷದ ಫೀಸು ಕಟ್ಟಿದೆವು. ಮಿಕ್ಕದ್ದನ್ನು ಅಮ್ಮ ತನ್ನ ಹೆಸರಿನಲ್ಲಿ ಪೋಸ್ಟಾಫೀಸಿನಲ್ಲಿಟ್ಟಳು. ಒಯ್ದವರಲ್ಲಿ ಹಳಬರು ಕೆಲವರು ಅಂಗಡಿಯಿಂದ ಕೊಂಡಾದರೂ ತಂದು ಹಾಕಿದರು. ಬಾಡಿಗೆಯವರು ಮನೆ ಬದಲಿಸಿಕೊಂಡು ಹೋದರು. ಅವರನ್ನು ದೂರುವ ಹಕ್ಕು ನಮಗಿದೆಯೆಂದು ನನಗೆ ಎಂದೂ ಅನ್ನಿಸಿಲ್ಲ. ಹಗೇವು ಮತ್ತೆ ತುಂಬಲಿಲ್ಲ. ಹೊಸ ರಸ್ತೆಯ ಚರಂಡಿ ನೀರು ಅದರೊಳಗೆ ಇಳಿಯತೊಡಗಿದಾಗ ಅಪ್ಪ ಇಟ್ಟಿಗೆ ಚೂರು ಹಾಕಿಸಿ ಮುಚ್ಚಿಸಿದ. ಹಸಿವಿಗೆಂದು ರಾಗಿ ಕೂಡಿಟ್ಟ ಅಜ್ಜಿಯೇ ಹಗೇವು ತೆರೆದ ಆ ವರ್ಷವೆಲ್ಲ ರೇಷನ್ನಿನ ಗೋಧಿ ಮುದ್ದೆಯನ್ನು ನೀರು ಕುಡಿದು ಕುಡಿದು ನುಂಗಿದಳು. ಉಳಿತಾಯದ ಬಗ್ಗೆ ನಾನು ಮಾಡಿದ ಭಾಷಣಗಳಲ್ಲಿ ಈ ಚಿತ್ರಕ್ಕೆ ಜಾಗ ಸಿಕ್ಕಿದ್ದೇ ಇಲ್ಲ. ಹಣ ಯಾವ ರೂಪದಲ್ಲಿದ್ದರೂ ಕಾಲ ಅದನ್ನು ತಿನ್ನಬಲ್ಲದು. ಇಟ್ಟದ್ದನ್ನು ತೆರೆಯುವ ಮಾತು ಯಾರ ಬಾಯಲ್ಲಿದೆ ಎಂಬುದನ್ನಾದರೂ ಮನೆಯಲ್ಲಿ ಇತ್ಯರ್ಥ ಮಾಡಿಕೊಳ್ಳಿ ಎಂಬಷ್ಟನ್ನು ಮಾತ್ರ ಈಗ ಹೇಳುತ್ತೇನೆ.

ಕಾಲೇಜು ದೂರವಿತ್ತು. ಬಸ್ಸು ಇಳಿದು ನಡೆದು ಮನೆ ಸೇರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಪುಸ್ತಕಗಳನ್ನು ಕೆಳಗಿಡುವ ಮೊದಲೇ ಜಗಲಿಯಿಂದ ಅಜ್ಜಿಯ ದನಿ ಬರುತ್ತಿತ್ತು: “ಇವತ್ತು ಏನ್ ಏಳ್ಕೊಟ್ರು?” ತರ್ಕಶಾಸ್ತ್ರವಾಗಲಿ, ಅರ್ಥಶಾಸ್ತ್ರವಾಗಲಿ, ಅವಳ ಎದುರು ಕೂತು ಅವಳಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು; ಅವಳು ತಲೆದೂಗಿದ ಮೇಲೆಯೇ ಊಟ. ಒಂದು ಸಂಜೆ ನನಗೆ ತುಂಬ ಆಯಾಸವಾಗಿತ್ತು. ಅಂದಿನ ಪಾಠಕ್ಕೆ ಸರಿಯಾಗಿ ಕಿವಿಗೊಟ್ಟೂ ಇರಲಿಲ್ಲ. ಹಣದ ಬೆಲೆ ಏಕೆ ಇಳಿಯುತ್ತದೆ ಎಂಬ ಹಿಂದಿನ ದಿನದ ಪಾಠವನ್ನೇ ಮಾತು ತುಸು ಬದಲಿಸಿ ಒಪ್ಪಿಸಿದೆ. ಅಜ್ಜಿ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದಳು. ಆಮೇಲೆ ಖಾಲಿ ಮೊರ ಒಡ್ಡುವವಳಂತೆ ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದಳು.

“ಇದು ನೆನ್ನೆ ಕೊಟ್ಟಿದ್ದು ಕಣೇ ಮಗಾ. ಇವತ್ತಿಂದು ಕೊಡು.”